ಮಂಕಾಳಿಯನ್ನು ಯಾರೂ ಕರೆಯದ ದಿನ

ಮತ್ತೆ ನಡುವೆ ಬಾಯಿ ಹಾಕಿದೆಯಲ್ಲೇ, ನಿಶ್ಮಿ. ಹೇಳಲು ಕೂತು ಎರಡು ಮಾತಾಗಿಲ್ಲ, ನಿನಗೆ ನೀರು ಬೇಕು, ತಮ್ಮನ ಚಡ್ಡಿ ಬದಲಿಸಬೇಕು, ಒಳಗೆ ಅಜ್ಜಿಗೆ ಕನ್ನಡಕ ಸಿಗುತ್ತಿಲ್ಲ. ಇದು ಮೂರನೇ ಸಲ ಶುರು ಮಾಡುತ್ತಿರುವುದು. ನಾಲ್ಕನೆಯದಕ್ಕೆ ನನ್ನಲ್ಲಿ ಉಸಿರಿಲ್ಲ. ಕೇಳು.

ಬಹಳ ಹಿಂದೆ, ಹೊಳೆ ಹೋಗಿ ಕಡಲು ಸೇರುವಲ್ಲಿ ಒಂದು ಊರಿತ್ತಂತೆ. ಆ ಊರಿನಲ್ಲಿ ಮಂಕಾಳಿ ಎಂಬ ಹೆಂಗಸಿದ್ದಳಂತೆ. ಮೀನು ಮಾರುವವಳು, ಮೂರು ಮಕ್ಕಳ ತಾಯಿ, ಕೊನೆಯದು ಹಾಲು ಕುಡಿಯುವ ಕೂಸು. ಬೆಳಗಾದರೆ ಅತ್ತೆ ಕರೆಯುವಳು, ಗಂಡ ಕರೆಯುವನು, ಮಕ್ಕಳು ಕರೆಯುವವು. ಊರಿನ ಕಾಗೆಗಳೂ ಅವಳ ಹೆಸರು ಕಲಿತು ಮನೆಯ ಮಾಡಿನ ಮೇಲೆ ಕೂತು ಕರೆಯುತ್ತಿದ್ದವಂತೆ. ಬಿಸಿ ಗಂಜಿಯ ರುಚಿ ಅವಳಿಗೆ ಮರೆತೇ ಹೋಗಿತ್ತಂತೆ.

ಒಂದು ದಿನ ಗಂಡಸರು ದೋಣಿಗಳನ್ನೆಲ್ಲ ಮರಳಿಗೆಳೆದು ಎಣ್ಣೆ ಬಳಿಯುತ್ತಿದ್ದರು. ಅಂದು ಮೀನಿಲ್ಲ, ಮಾರಾಟವಿಲ್ಲ. ಮಂಕಾಳಿ ಕೂಸನ್ನೆತ್ತಿಕೊಂಡು, ಬುತ್ತಿ ಕಟ್ಟಿಕೊಂಡು, ಮೂವರು ಗೆಳತಿಯರ ಜೊತೆ ದೂರದ ಮರಳದಂಡೆಗೆ ಹೋದಳು. ಅಲ್ಲಿ ಒಡೆದ ದೋಣಿಯ ಅಗಲ ಹಲಗೆಯೊಂದು ಬಿದ್ದಿತ್ತು. ತಮಾಷೆಗೆಂದು ಅದರ ತೂತಿಗೆ ಬಿದಿರು ಕೋಲನ್ನು ಸಡಿಲವಾಗಿ ಕಟ್ಟಿದರು, ಕೋಲಿಗೆ ಹಳೇ ಸೀರೆ ಕಟ್ಟಿ ಹಾಯಿ ಮಾಡಿದರು. ಹಲಗೆಯ ಮೇಲೆ ನಿಂತು ಗಾಳಿ ಹಿಡಿಯಬೇಕು. ಇಬ್ಬರು ಒಂದೊಂದು ಸಲ ಬಿದ್ದು, ಉಪ್ಪುನೀರು ಕುಡಿದು, ಸಾಕು ಎಂದರು.

ಮಂಕಾಳಿ ಬಿಡಲಿಲ್ಲ. ನೀರಲ್ಲಿ ಬಿದ್ದ ಹಾಯಿಯನ್ನು ಜಗ್ಗಿ ಎಳೆಯುವಳು, ಅಂಗಾತ ಬೀಳುವಳು. ನೂರು ಸಲ ಬಿದ್ದಳಂತೆ. ಕೂಸನ್ನು ಮಡಿಲಲ್ಲಿಟ್ಟುಕೊಂಡಿದ್ದ ಮೂರನೇ ಗೆಳತಿ ಬೀರಮ್ಮ ದಡದಿಂದಲೇ ಹೇಳಿದಳಂತೆ, "ಎಂಥದು ಮಾರಾಯ್ತಿ, ಅದು ನಿನ್ನ ಅತ್ತೆಯಲ್ಲ, ಜಗ್ಗಾಡಬೇಡ. ಸ್ವಲ್ಪ ಎತ್ತು, ನೀರು ಇಳೀಲಿ, ಮತ್ತೆ ಸ್ವಲ್ಪ ಎತ್ತು."

ಹಾಗೇ ಎತ್ತಿದಳು. ಹಾಯಿ ಹಗುರವಾಯಿತು. ತೆಂಕಣ ಗಾಳಿ ತುಂಬಿತು. ಮಂಕಾಳಿ ಅಲೆ ದಾಟಿ ಹೋಗಿಯೇಬಿಟ್ಟಳು.

ಹೋಗುವುದನ್ನು ಕಲಿತಳು, ತಿರುಗುವುದನ್ನು ಕಲಿತಿರಲಿಲ್ಲ. ದಡದಲ್ಲಿ ಕೂಸು ಹಸಿದು ಅಳತೊಡಗಿತು. ಕೂಗೋಣ ಎಂದು ಉಳಿದಿಬ್ಬರೂ ಎದ್ದರು. ಬೀರಮ್ಮ ಬಿಡಲಿಲ್ಲವಂತೆ. "ಕರೆಯೋದಕ್ಕೆ ಊರೇ ಇದೆ. ಇವತ್ತು ನಾವು ಕರೆಯೋದು ಬೇಡ. ಬರೋದಾದರೆ ಬರ್ತಾಳೆ."

ಬಾರದಿದ್ದರೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಅತ್ತ ಕಡಲಲ್ಲಿ ಮಂಕಾಳಿ ಹಾಯಿಯನ್ನು ನೀರಿಗೆ ಬಿಟ್ಟು ಬಹಳ ಹೊತ್ತು ಹಲಗೆಯ ಮೇಲೆ ಸುಮ್ಮನೆ ಕೂತಿದ್ದಳಂತೆ. ಆಮೇಲೆ ಎದ್ದು, ಹಲಗೆ ತಿರುಗಿಸಲೆಂದು ಕೋಲನ್ನು ಸುತ್ತಿಕೊಂಡು ಹಾಯಿಯ ಆಚೆ ಬದಿಗೆ ಹೋಗಲು ನೋಡಿದಳು, ಬಿದ್ದಳು, ಹತ್ತಿದಳು, ಮತ್ತೆ ಬಿದ್ದಳು. ಕೊನೆಗೆ ಹಲಗೆ ದಡಕ್ಕೆ ಮುಖ ಮಾಡಿತು. ಕಡಲಾಮೆ ಬಂದು ಹಲಗೆ ತಿರುಗಿಸಿತು ಎನ್ನುತ್ತಾರೆ. ಅಷ್ಟು ಸಲ ಬಿದ್ದು ಹತ್ತಿದವಳಿಗೆ ಆಮೆ ಯಾಕೆ? ಎದೆಹಾಲು ಉಕ್ಕಿ ಕುಪ್ಪಸ ಒದ್ದೆಯಾಗಿ ಬಂದಳು ಎನ್ನುವವರೂ ಇದ್ದಾರೆ. ಕಡಲಲ್ಲಿ ಮುಳುಗಿ ಎದ್ದವಳ ಕುಪ್ಪಸ ಯಾವುದರಿಂದ ಒದ್ದೆಯಾಗಿದೆಯೆಂದು ನೋಡಿದ ಪುಣ್ಯಾತ್ಮರು ಯಾರೋ.

ಬಂದವಳು ಕೂಸಿಗೆ ಹಾಲೂಡಿಸಿದಳು.

ಇಂದಿಗೂ ದೋಣಿಗೆ ಎಣ್ಣೆ ಬಳಿಯುವ ದಿನ ಆ ಊರಿನ ಹೆಂಗಸರು ಹಲಗೆ, ಹಳೇ ಸೀರೆ ಹೊತ್ತು ಕಡಲಿಗೆ ಹೋಗುತ್ತಾರೆ. ಒಬ್ಬಳು ನೀರಿಗಿಳಿದರೆ, ಅವಳಾಗಿ ಹಾಯಿ ತಿರುಗಿಸುವವರೆಗೆ ದಡದಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯುವಂತಿಲ್ಲ. ಕೂಸು ಅತ್ತರೂ ಇಲ್ಲ, ಅತ್ತೆಯೇ ಬಂದು ನಿಂತರೂ ಇಲ್ಲ.

ಏನೇ, ಅದನ್ನೇ ಕೇಳುತ್ತೀಯಾ? ನಾನೂ ನನ್ನ ಅಮ್ಮನನ್ನು ಕೇಳಿದ್ದೆ. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ. ಯಾರೂ ಕರೆಯಲೇ ಇಲ್ಲ, ಮತ್ತೆ ಯಾಕೆ ಬಂದಳು?