ಬದನೆ ಮೊಗ್ಗಿನ ಕುಲೀನ

ಬದನೆಯ ಮೊಗ್ಗಿನೊಳಗೆ, ಇನ್ನೇನು ಪರಾಗವಾಗಲಿದ್ದ ಕೋಶದಲ್ಲಿ, ಅಪ್ಪನ ಕಡೆಯ ವರ್ಣತಂತುವೊಂದು ತನ್ನ ವಂಶ ಮುಂದುವರಿಯಲೆಂದು ಹಂಬಲಿಸುತ್ತಿತ್ತು. ಕೋಶ ಎರಡಾಗಿ ಒಡೆಯುವ ಮುನ್ನ ಅಮ್ಮನ ಕಡೆಯ ಜೋಡಿಯನ್ನು ತಬ್ಬಿ, ಮೈಯ ತುಂಡು ಬದಲಿಸಿಕೊಳ್ಳುವುದು ಅಲ್ಲಿಯ ಪದ್ಧತಿ.

"ಬಾರಯ್ಯ, ಹೊತ್ತಾಯಿತು" ಎಂದಿತು ಅಮ್ಮನ ಕಡೆಯದು.

"ದೂರ ನಿಲ್ಲು! ನಮ್ಮದು ಕಲಬೆರಕೆಯಾಗದ ವಂಶ. ಈ ನೇರಳೆ ಬಣ್ಣ ನೋಡು!"

"ಅದು ನಿನ್ನಜ್ಜಿಯ ಕಡೆಯಿಂದ ಬಂದ ತುಂಡು, ಮಹಾರಾಯ. ನಿನ್ನಜ್ಜ ಬಿಳಿ ಬದನೆ."

ಅಪ್ಪನ ಕಡೆಯದು ಮುಖ ತಿರುಗಿಸಿತು. ಅಷ್ಟರಲ್ಲಿ ಕೋಶ ಒಡೆಯತೊಡಗಿ, ಕೋಶದ ಎರಡು ತುದಿಗಳಿಂದ ವರ್ಣತಂತುಗಳನ್ನು ಸೆಳೆಯುವ ನೂಲುಗಳು ಬಂದು ಎಲ್ಲರನ್ನೂ ಹೊಸ ಪರಾಗಗಳತ್ತ ಎಳೆದವು. ಅಮ್ಮನ ಕಡೆಯದು ಒಂದು ನೂಲಿಗೆ ಜೋತುಬಿದ್ದು ಪಾರಾಯಿತು. ಅಪ್ಪನ ಕಡೆಯದು ನೂಲೂ ಮೈಲಿಗೆಯೆಂದು ಸರಿದು, ನಡುವೆಯೇ ಉಳಿದು ಬಾಡಿತು.

"ನನ್ನ ವಂಶ?" ಎಂದು ಕೇಳಿತು.

"ಶುದ್ಧವಾಗಿಯೇ ಮುಗಿಯಿತು" ಎಂದಿತು ನೂಲು.