ನೆನೆದ ಹಗ್ಗದ ಜಟ್ಟಿ ತಾಂಡೇಲ

ಬಹಳ ಬಹಳ ಹಿಂದೆ, ಕಡಲ ದಂಡೆಯಲ್ಲಿ ಇನ್ನೂ ದೀಪಸ್ತಂಭ ಎದ್ದಿರದ ಕಾಲದಲ್ಲಿ, ಬಡಗಣ ಕರಾವಳಿಯ ನಮ್ಮೂರಲ್ಲಿ ಜಟ್ಟಿ ಅಂತ ಒಬ್ಬ ತಾಂಡೇಲನಿದ್ದನಂತೆ. ತಾಂಡೇಲ ಅಂದರೆ ದೋಣಿ ನಡೆಸುವ ಯಜಮಾನ. ನಾನು ಕಂಡವನಲ್ಲ, ನನ್ನಜ್ಜನೂ ಕಂಡವನಲ್ಲ. ಆದರೂ ಹೇಳುತ್ತೇನೆ, ಸುಮ್ಮನೆ ಕೇಳಿ.

ಅವನದು ಪುಟ್ಟ ಹಾಯಿದೋಣಿ. ಲಂಗರು ಬಿಟ್ಟ ಮೇಲೆ ಹಗ್ಗವನ್ನು ಕಾಲ್ಬೆರಳಿಗೆ ಒಂದು ಸುತ್ತು ಸುತ್ತಿಕೊಂಡು ಕೂರುತ್ತಿದ್ದನಂತೆ. ಹಗ್ಗ ನಡುಗಿದರೆ ತಳದಲ್ಲಿ ಬಂಡೆ, ಸುಮ್ಮನಿದ್ದರೆ ಕೆಸರು. ಕೆಸರು ಯಾವ ಹೊಳೆಯದು ಅಂತಲೂ ಆ ಬೆರಳು ಹೇಳುತ್ತಿತ್ತಂತೆ. ಇದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಒಂದು ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅದೇ ಊರಿನ ಗಣಪಿಯ ಮಗಳು ಬೀರಮ್ಮ, ಭೂಶಿರದಾಚೆ ತೆಂಕಣ ಊರಿನ ಗಂಡನ ಮನೆಯಲ್ಲಿ ದಿನ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ನಡೆದು ಬರೋಣವೆಂದರೆ ದಾರಿಯಲ್ಲಿ ಎರಡು ಹೊಳೆ ಉಕ್ಕಿ ಹರಿಯುತ್ತಿವೆ. ಕಡಲಿಗಿಳಿಯೋಣವೆಂದರೆ ನೂಲ ಹುಣ್ಣಿಮೆಗೆ ಇನ್ನೂ ಎಂಟು ದಿನ. ಆ ದಿನ ಕಡಲಿಗೆ ಕಾಯಿ ಬಿಡದೆ ಯಾರೂ ದೋಣಿ ಇಳಿಸುವಂತಿಲ್ಲ, ಪೂಜೆಯಾಗದೆ ಹೊಸ ಹಗ್ಗ ನೆನೆಸುವಂತಿಲ್ಲ. ಗಣಪಿ ಮನೆಮನೆ ಅಲೆದಳು. ಎಲ್ಲರೂ ಆಗದೆಂದು ತಲೆ ಆಡಿಸಿದರು. ಜಟ್ಟಿ ಮಾತ್ರ ದೋಣಿ ಇಳಿಸಿದನಂತೆ. ಪೂಜೆಗೆಂದು ಅರಿಸಿನ ಬಳಿದ ಹೊಸ ಹಗ್ಗದ ಸುರುಳಿ ದೋಣಿಯಲ್ಲೇ ಇತ್ತು. ಲಂಗರಿಗೆ ಮಾತ್ರ ಹಳೆಯ ಗಿಡ್ಡ ಹಗ್ಗ ಕಟ್ಟಿದ್ದ.

ಹೋಗುವಾಗ ಕಡಲು ಹಾಲಿನಂತಿತ್ತಂತೆ. ಬೀರಮ್ಮನನ್ನು ಕೂರಿಸಿಕೊಂಡು ಬಡಗಣಕ್ಕೆ ತಿರುಗಿ, ಭೂಶಿರ ದಾಟುತ್ತಿದ್ದಂತೆ ಮಧ್ಯಾಹ್ನದ ಹೊತ್ತಿಗೆ ಪಡುಗಾಳಿ ಎದ್ದಿತು. ಜಟ್ಟಿ ಹಾಯಿ ಇಳಿಸಿ, ಒಂದು ನಡುಗಡ್ಡೆಯ ಮರೆಗೆ ಬಂದು ಲಂಗರು ಬಿಟ್ಟ. ಊರಿನ ಅಳಿವೆಯಲ್ಲಿ, ಹೊಳೆ ಕಡಲು ಸೇರುವಲ್ಲಿ, ದೋಣಿಗಳು ಒತ್ತಾಗಿ ನಿಲ್ಲುವುದರಿಂದ ಅವರಿಗೆಲ್ಲ ಗಿಡ್ಡ ಹಗ್ಗದ್ದೇ ರೂಢಿ. ಆ ರೂಢಿ ಇಲ್ಲಿ ಮೋಸ ಮಾಡಿತು. ಲಂಗರು ತಳ ಹಿಡಿಯದೆ ಕೆರೆಯುತ್ತ ಬಂತು. ಹಿಂದೆ ಕರಿಬಂಡೆಗಳು, ದೋಣಿ ಅವುಗಳತ್ತಲೇ ಜಾರುತ್ತಿದೆ.

ಉದ್ದ ಹಗ್ಗ ಕಣ್ಣೆದುರೇ ಇತ್ತು. ಆದರೂ ಜಟ್ಟಿಯ ಕೈ ಏಳಲಿಲ್ಲವಂತೆ. ಪೂಜೆಯಾಗದ ಹಗ್ಗ ನೆನೆದರೆ ಕಡಲು ದೋಣಿಯನ್ನೇ ನುಂಗುತ್ತದೆ ಅಂತ ಅವನ ಅಪ್ಪ ಹೇಳಿದ್ದ. ಆಗ ಬೀರಮ್ಮ ಹೊಟ್ಟೆ ಹಿಡಿದುಕೊಂಡು ಕೇಳಿದಳಂತೆ:

"ತಾಂಡೇಲಣ್ಣ, ಆ ಹಗ್ಗ ನೆನೆದ್ರೆ ದೇವ್ರಿಗೆ ಸಿಟ್ಟು ಬರ್ತದೆ, ಹೌದು. ನಾ ನೆನೆದ್ರೆ?"

ಜಟ್ಟಿ ತಟ್ಟನೆ ಎದ್ದ. ಹೊಸ ಹಗ್ಗವನ್ನು ಹಳೆಯದಕ್ಕೆ ಗಂಟು ಹಾಕಿ, ತಪ್ಪಾಯ್ತು ತಾಯೇ ಅನ್ನುತ್ತ ನೀರಿಗೆ ಬಿಡುತ್ತಲೇ ಹೋದ. ಮೂವತ್ತು ಮಾರು ಅಂತಾರೆ. ಪಕ್ಕದೂರಿನವರು ನೂರು ಮಾರು ಅಂತಾರೆ, ಅವರ ಬಾಯಿಗೆ ಅಳತೆ ಎಲ್ಲಿದೆ! ಹಗ್ಗ ಉದ್ದವಾದಂತೆ ಲಂಗರು ಅಡ್ಡ ಮಲಗಿ ಕೆಸರು ಕಚ್ಚಿತು. ಬಂಡೆ ಇನ್ನು ಒಂದು ಹುಟ್ಟುಗೋಲಿನಷ್ಟು ದೂರವಿದ್ದಾಗ ದೋಣಿ ನಿಂತಿತಂತೆ.

ಸಂಜೆಗೆ ಗಾಳಿ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದರು. ಗಣಪಿ ಮೊದಲು ಜಟ್ಟಿಗೆ ಬಾಯಿತುಂಬ ಬೈದಳು, ಆಮೇಲೆ ಅವನ ಕಾಲು ಹಿಡಿದು ಅತ್ತಳು. ಮೂರನೆಯ ದಿನ ಹೆಣ್ಣುಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖ. ಆ ಕೂಸು ನಮ್ಮ ಮನೆತನದ್ದೇ ಅಂತ ಈಗ ಊರಿನ ಪ್ರತಿ ಮನೆಯವರೂ ಹೇಳುತ್ತಾರೆ. ಯಾರು ಬೇಡ ಅಂತಾರೆ, ಹೇಳಿಕೊಳ್ಳಲಿ.

ಹುಣ್ಣಿಮೆಯ ದಿನ ಜಟ್ಟಿ ಹೆದರುತ್ತಲೇ ದಂಡೆಗೆ ಬಂದು, ಕಡಲಲ್ಲಿ ನೆನೆದಿದ್ದ ಹಗ್ಗವನ್ನು ಎಲ್ಲರ ಮುಂದಿಟ್ಟು ತಪ್ಪೊಪ್ಪಿಕೊಂಡ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಗಣಪಿ ಮುಂದೆ ಬಂದು, ಯಾರನ್ನೂ ಕೇಳದೆ, ಆ ಹಗ್ಗಕ್ಕೆ ಕುಂಕುಮ ಹಚ್ಚಿ ಕೈಮುಗಿದಳಂತೆ. ಕಡಲು ಆ ವರ್ಷ ಯಾರನ್ನೂ ನುಂಗಲಿಲ್ಲ.

ಬೇರೆ ಊರುಗಳಲ್ಲಿ ಹೊಸ ಹಗ್ಗಕ್ಕೆ ಮೊದಲು ಪೂಜೆ, ಆಮೇಲೆ ನೀರು. ನಮ್ಮಲ್ಲಿ ಅಂದಿನಿಂದ ಮೊದಲು ಕಡಲಲ್ಲಿ ಅದ್ದಿ ತರುತ್ತಾರೆ. ಆಯಾ ವರ್ಷ ಹೆತ್ತವಳ ತಾಯಿ ಬಂದು ಕುಂಕುಮ ಹಚ್ಚುತ್ತಾಳೆ. ಒಣ ಹಗ್ಗಕ್ಕೆ ನಮ್ಮೂರಲ್ಲಿ ಇವತ್ತಿಗೂ ಯಾರೂ ಕೈಮುಗಿಯುವುದಿಲ್ಲ.