ಏಡಿ ಆರಿಸಿದ ಫುಟ್‌ಬಾಲ್ ತಂಡ

ಕಡಲ ದಂಡೆಯ ಏಡಿಯೊಂದಕ್ಕೆ ಒಂದು ಹುಚ್ಚು. ಯಾರೂ ಕೇಳದಿದ್ದರೂ ಸಂಜೆಯಾದರೆ ಸಾಕು, ದೇಶದ ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಹೆಸರು ಆರಿಸಿ ಒದ್ದೆ ಮರಳಲ್ಲಿ ಬರೆಯುತ್ತಿತ್ತು. ಉಬ್ಬರ ಬಂದು ಅಳಿಸಿದರೆ ಮರುದಿನ ಮತ್ತೆ ಅದೇ ಸಂಭ್ರಮ. ಪಕ್ಕದ ಬಂಡೆಯ ಆಮೆ ದಿನಾ ಬಂದು ತನ್ನ ಹೆಸರು ಹುಡುಕಿ, ಸಪ್ಪೆ ಮುಖ ಹಾಕಿಕೊಂಡು ಹೋಗುತ್ತಿತ್ತು. ಒಂದು ಸಂಜೆ ಅದಕ್ಕೆ ತಡೆಯಲಾಗಲಿಲ್ಲ.

“ಏಡಿಯಣ್ಣಾ, ಹನ್ನೊಂದೂ ನಿಮ್ಮ ಮನೆಯವರೇ ಆದರಲ್ಲ!”

“ಏನು ಮಾಡಲಿ ಆಮೆಯಕ್ಕಾ? ನೆಟ್ಟಗೆ ಓಡುವವರು ಬೇರೆ ಯಾರಿದ್ದಾರೆ?”

“ಹಾಗಾದರೆ ನೀನೇ ಒಮ್ಮೆ ಓಡಿ ತೋರಿಸು,” ಎಂದು ಆಮೆ ಎದುರಿಗೆ ಎರಡು ಚಿಪ್ಪು ನೆಟ್ಟು ಗೋಲು ಮಾಡಿತು.

ಏಡಿ ಗೋಲಿನತ್ತ ಮುಖ ಮಾಡಿ, ಉಸಿರು ಬಿಗಿಹಿಡಿದು ಓಡಿತು. ನಿಂತು ನೋಡಿದರೆ ಗೋಲು ಎಲ್ಲೋ ದೂರದಲ್ಲಿ, ತಾನು ಬದಿಯ ಹೊಂಡದಲ್ಲಿ.

“ನೀನು ಚಿಪ್ಪನ್ನೇ ಸೊಟ್ಟ ನೆಟ್ಟಿದ್ದೀಯ,” ಎಂದಿತು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಆಮೆ ನಕ್ಕಿತು.

ಏಡಿ ಮರಳ ಮೇಲಿನ ತನ್ನ ಹೆಜ್ಜೆಸಾಲನ್ನು ಬಹಳ ಹೊತ್ತು ನೋಡಿತು. ಆಮೇಲೆ ಪಟ್ಟಿಯ ಬಳಿಗೆ ಹೋಗಿ, ಎಲ್ಲಕ್ಕಿಂತ ಮೇಲಿದ್ದ ತನ್ನ ಹೆಸರನ್ನೇ ಅಳಿಸಿ ಆಮೆಯ ಹೆಸರು ಬರೆಯಿತು.

ಆಮೆಗೆ ಕಣ್ಣು ತುಂಬಿ ಬಂತು. “ನನಗಾಗಿ ನಿನ್ನ ಜಾಗವನ್ನೇ ಬಿಟ್ಟೆಯಾ?”

“ಬಿಡದೆ ಇನ್ನೇನು? ತಪ್ಪು ತಪ್ಪೇ,” ಎಂದಿತು ಏಡಿ, ನೆಮ್ಮದಿಯಿಂದ. “ನಮ್ಮ ವಂಶದಲ್ಲಿ ಸೊಟ್ಟ ಓಡುವವನು ನಾನೊಬ್ಬನೇ ಅಂತ ಇವತ್ತು ಗೊತ್ತಾಯಿತು. ಉಳಿದ ಹತ್ತೂ ಜನ ಅಪ್ಪಟ ಚಿನ್ನ!”